ಮಾಳಿಗೆಯ ಮೇಲಿನ ಏಕಮಾನ ವೃತ್ತ

ಪಿಯುಸಿ ಮೊದಲ ವರ್ಷಕ್ಕೆ ಇಳಕಲ್‌ನಿಂದ ಹುನಗುಂದದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಗಣಿತದ ಸರ್ ನೂರಿಪ್ಪತ್ತು ಡಿಗ್ರಿಯ ಕಾಸ್ ಬೆಲೆ ಮೈನಸ್ ಅರ್ಧ ಎಂದು ಹಲಗೆಯ ಮೇಲೆ ಬರೆದರು. ನಾನು ಹೈಸ್ಕೂಲಿನಲ್ಲಿ ಕಲಿತ ಕಾಸ್ ಲಂಬಕೋನ ತ್ರಿಭುಜದ್ದು. ಪಕ್ಕದ ಬಾಹುವನ್ನು ಕರ್ಣದಿಂದ ಭಾಗಿಸಿದರೆ ಮುಗಿಯಿತು. ತೊಂಬತ್ತರ ಕೋನವಿರುವ ತ್ರಿಭುಜದಲ್ಲಿ ನೂರಿಪ್ಪತ್ತು ಹಿಡಿಸುವುದು ಹೇಗೆ? ಬಾಹುವಿನ ಉದ್ದ ಮೈನಸ್ ಹೇಗಾದೀತು? ಎದ್ದು ಕೇಳಿದೆ.

“ಸದ್ಯ ಬಾಯಿಪಾಠ ಮಾಡವಾ. ಮುಂದ ತಿಳಿತೈತಿ,” ಎಂದರು ಸರ್.

ಆ ‘ಮುಂದ’ ಬರುವ ತನಕ ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ನಿಂತೇ ಬಂದೆ. ಮನೆ ಸೇರಿದವಳೇ ಮಾಳಿಗೆ ಹತ್ತಿದೆ. ಅಲ್ಲಿ ಅಣ್ಣನ ಹೆಂಡತಿ, ಬಿ.ಎಸ್ಸಿ. ಓದಿದ ನಮ್ಮ ವೈನಿ, ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಹಗ್ಗದ ತುಂಡೊಂದರ ತುದಿಯನ್ನು ನಡುವೆ ಒತ್ತಿ ಹಿಡಿದು ಸೀಮೆಸುಣ್ಣದಿಂದ ನೆಲದ ಮೇಲೆ ದೊಡ್ಡ ವೃತ್ತ ಎಳೆದರು. ನಡುವೆ ಹಾಯುವಂತೆ ಮೂಡಲದಿಂದ ಪಡುವಲಕ್ಕೊಂದು, ಬಡಗಲದಿಂದ ತೆಂಕಲಕ್ಕೊಂದು ಗೆರೆ.

“ಈ ಹಗ್ಗದ ಉದ್ದ ಒಂದು ಅಂತ ತಿಳ್ಕೋ. ಇದ ಏಕಮಾನ ವೃತ್ತ.”

“ತ್ರಿಭುಜ ಎಲ್ಲೈತ್ರಿ ವೈನಿ?”

“ಅದನ್ನ ಬಿಡು. ಮೂಡಲದಿಂದ ವೃತ್ತದ ಗೆರಿ ಮ್ಯಾಲೆ ಬಡಗಲಕ್ಕ ನಡಿ. ನಡುವಿನಿಂದ ಮೂಡಲಕ್ಕ ಎಷ್ಟು ದೂರ ಇದ್ದೀಯೋ ಅದು ಕಾಸ್. ಬಡಗಲಕ್ಕ ಎಷ್ಟೋ ಅದು ಸೈನ್.”

ನಡೆದೆ. ಮೂಡಲದ ದೂರ ಕರಗುತ್ತ ಬಂದು, ತೊಂಬತ್ತಕ್ಕೆ ಸೊನ್ನೆಯಾಯಿತು. ಇನ್ನೊಂದು ಹೆಜ್ಜೆಗೆ ನಾನು ಪಡುವಲದ ಕಡೆಗಿದ್ದೆ.

“ಇಲ್ಲಿಂದ ಮೈನಸ್ಸಾ?”

“ಮತ್ತ!”

ಆದರೂ ಸರಿಯಾಗಿ ಅರ್ಧವೇ ಏಕೆ? ವೈನಿ ಶುರುವಿನ ಬಿಂದುವಿನಿಂದ ಹಗ್ಗವನ್ನು ವೃತ್ತದ ಅಂಚಿಗೆ ಬಿಗಿಯಾಗಿ ಹಿಡಿದು ಗುರುತು ಹಾಕಿಸಿದರು. ಆ ಎರಡು ಬಿಂದು ಮತ್ತು ವೃತ್ತದ ನಡು ಸೇರಿ ಆಗುವ ತ್ರಿಭುಜದ ಮೂರೂ ಬದಿ ಸಮ, ಹಾಗಾಗಿ ಅರವತ್ತು. ಅಲ್ಲಿಂದ ಮತ್ತೊಮ್ಮೆ ಹಿಡಿದರೆ ನೂರಿಪ್ಪತ್ತು. ಆ ಗುರುತಿನಿಂದ ಬಡಗಲ-ತೆಂಕಲದ ಗೆರೆಗೆ, ಹಗ್ಗವನ್ನು ಎರಡಾಗಿ ಮಡಚಿ ಇಟ್ಟು ನೋಡಿದೆ. ಕರಾರುವಾಕ್ಕಾಗಿ ಅರ್ಧ!

“ಪೂರ್ತಿ ಸುತ್ತಿದ ಮ್ಯಾಲೂ ನಡದ್ರ?”

“ಕೋನ ಬೆಳಿತೈತಿ, ಜಾಗಾ ಮಾತ್ರ ಅದ ಇರ್ತೈತಿ.”

“ಉಲ್ಟಾ ನಡದ್ರ?”

“ನೀನ ನೋಡು. ಕೂಸು ಎದ್ದೈತಿ, ನಾ ಕೆಳಗ ಹೋಗ್ತೇನಿ.”

ಶುರುವಿನ ಬಿಂದುವಿನಿಂದ ಒಬ್ಬಳೇ ತೆಂಕಲದ ಕಡೆಗೆ ಅರವತ್ತು ಡಿಗ್ರಿ ನಡೆದು ನಿಂತೆ. ಮೂಡಲದ ದೂರ ಮೊದಲಿನ ಅರವತ್ತರಷ್ಟೇ ಇತ್ತು. ಬಡಗಲದ್ದು ಮಾತ್ರ ತಿರುವುಮುರುವು. ಅಂದರೆ ಕಾಸ್ ಬದಲಾಗುವುದಿಲ್ಲ, ಸೈನ್ ಮೈನಸ್ ಆಗುತ್ತದೆ! ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೂಸನ್ನು ತಟ್ಟುತ್ತಿದ್ದ ವೈನಿಗೆ ಹೇಳಲು ಮೆಟ್ಟಿಲಿಳಿದು ಓಡಿದೆ.