ಚೌಡಪ್ಪನ ಕಲ್ಲಿನ ದಾರಿಯಲ್ಲಿ ಮಮತಾ

ಬೆಳಗ್ಗೆ ಮುಖ ತೊಳೆದು ದೇವರಿಗೆ ದೀಪ ಹಚ್ಚಿದ ಮೇಲೆ ಮಮತಾ ಭಂಡಾರದ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾಳೆ. ಮಾಲತೇಶನ ಗುಡಿಯಿಂದ ತಂದ ಅರಿಶಿನದ ಪುಡಿ ಅದು. ಮೊದಲು ತನ್ನ ಹಣೆಗೆ, ಆಮೇಲೆ ಹಾಸಿಗೆಯಲ್ಲೇ ಹೊರಳುತ್ತಿರುವ ಮಗಳು ಗಂಗಾಶ್ರೀಯ ಹಣೆಗೆ ಹಚ್ಚಿ, ಕೊನೆಗೆ ತುದಿಗಾಲಲ್ಲಿ ನಿಂತು ಬಾಗಿಲ ಮೇಲಿನ ಪಟ್ಟಿಗೆ ಒಂದು ಚಿಟಿಕೆ ಒತ್ತುತ್ತಾಳೆ. ಸೈನ್ಯದಲ್ಲಿರುವ ಅವಳ ಗಂಡ ಮಾಳೇಶ ಎತ್ತರದ ಆಳು. ರಜೆಗೆ ಬಂದ ಮೊದಲ ದಿನ ಅದೇ ಪಟ್ಟಿಗೆ ಹಣೆ ತಾಗಿಸಿಕೊಳ್ಳುವುದು ಅವನಿಗೆ ತಪ್ಪಿದ್ದಲ್ಲ. ಅವನು ಗಡಿಯಲ್ಲಿರುವಷ್ಟು ದಿನ ಅವನ ಹಣೆ ಅಲ್ಲೇ ಇದೆ ಎಂದು ಅವಳ ಭಾವನೆ. ಜ್ವರ ಬಂದರೂ ಈ ಕೆಲಸ ಬಿಡುವುದಿಲ್ಲ. ತಾನು ಮುಟ್ಟಬಾರದ ದಿನಗಳಲ್ಲಿ ಅತ್ತೆ ನಿಂಗಮ್ಮನನ್ನು ಮಣೆಯ ಮೇಲೆ ಹತ್ತಿಸಿ ಹಚ್ಚಿಸುತ್ತಾಳೆ.

ಅವಳ ತವರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆ. ಕುರಿ ಸಾಕುವ ಮನೆತನ. ಹಾಳು ಗುಡಿಗಳ ಸುತ್ತಲಿನ ಕುರುಚಲಲ್ಲಿ ಅಪ್ಪನ ಜೊತೆ ಕುರಿ ಮೇಯಿಸಿ ಬೆಳೆದವಳು ಮದುವೆಯಾಗಿ ಸೊರಬದ ಸೀಮೆಗೆ, ಚಂದ್ರಗುತ್ತಿ ಹತ್ತಿರದ ಹಳ್ಳಿಗೆ ಬಂದಳು. ಊರಿನವರಿಗೇ ಕಾಡು ತೋರಿಸುವ ತರಬೇತಿ ಕೊಡುತ್ತಾರೆಂದು ತಿಳಿದಾಗ ಗಂಡನೇ ಒತ್ತಾಯ ಮಾಡಿ ಸೇರಿಸಿದ. ಈಗ ಅವಳ ಕೊರಳಲ್ಲಿ ಗೈಡ್ ಎಂದು ಬರೆದ ಕಾರ್ಡಿದೆ. ಆದರೆ ಬೇರೆ ಗೈಡುಗಳ ಹಾಗೆ ಅವಳು ಮುಂದೆ ನಡೆಯುವುದಿಲ್ಲ. ಅರಣ್ಯದ ವಾಚರ್ ನಾಗೇಶನನ್ನು ಮುಂದೆ ಬಿಟ್ಟು ತಾನು ಎಲ್ಲರಿಗಿಂತ ಹಿಂದೆ ಬರುತ್ತಾಳೆ. ಕುರಿ ಕಾಯುವಾಗ ಕಲಿತ ನಡಿಗೆ ಅದು. ಹಿಂದೆ ಇದ್ದರೆ ಯಾರ ಕಾಲು ಸೋತಿದೆ, ಯಾರು ಹೂವು ನೋಡುತ್ತ ಪಕ್ಕಕ್ಕೆ ಸರಿದರು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ.

ವರ್ಷದಲ್ಲಿ ಅವಳು ಬಹಳ ಕಾಳಜಿಯಿಂದ ಮಾಡುವ ನಡಿಗೆ ಡಿಸೆಂಬರ್ ಹದಿನಾರರದ್ದು, ವಿಜಯ ದಿವಸದ್ದು. ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ಚೌಡಪ್ಪ ಎಂಬ ಸಿಪಾಯಿಯ ಕಲ್ಲು ಕಾಡಿನ ನಡುವೆ ಇದೆ. ಆಗ ಊರು ಅಲ್ಲೇ ಇತ್ತು. ಹಳೆಯ ವೀರಗಲ್ಲೊಂದರ ಪಕ್ಕದಲ್ಲಿ ಊರವರು ಅವನಿಗೂ ಒಂದು ಕಲ್ಲು ನಿಲ್ಲಿಸಿದರು. ಆಮೇಲೆ ಜನ ಒಬ್ಬೊಬ್ಬರಾಗಿ ರಸ್ತೆಯ ಕಡೆಗೆ ಬಂದು ಮನೆ ಕಟ್ಟಿಕೊಂಡರು, ಕಲ್ಲು ಮಾತ್ರ ಅಲ್ಲೇ ಉಳಿಯಿತು. ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು ರೇಣುಕಾಪ್ರಸಾದ್ ಆ ದಿನ ಅಲ್ಲಿ ನಮನದ ಕಾರ್ಯಕ್ರಮ ಇಡುತ್ತಾರೆ. ವಯಸ್ಸಾದವರು ಆಚೆ ಬದಿಯ ಮಣ್ಣುದಾರಿಯಲ್ಲಿ ಜೀಪಿನಲ್ಲಿ ಬರುತ್ತಾರೆ. ಶಿವಮೊಗ್ಗ, ದಾವಣಗೆರೆಯಿಂದ ಬಂದವರು ನಸುಕಿನಲ್ಲಿ ಹೊರಟು ಕಾಡಿನೊಳಗೆ ನಡೆದು, ಧ್ವಜ ಏರಿಸುವ ಹೊತ್ತಿಗೆ ಸರಿಯಾಗಿ ಕಲ್ಲು ಮುಟ್ಟಬೇಕು. ಮುಟ್ಟಿಸುವುದು ಮಮತಾಳ ಕೆಲಸ.

ಈ ಸಲ ಆ ದಿನ ಹತ್ತಿರ ಬಂದಂತೆ ಅವಳ ಎದೆಯೊಳಗೆ ಒಂದು ಭಾರ ಕೂತಿತ್ತು. ಮಾಳೇಶನ ಫೋನು ಬಾರದೆ ವಾರ ದಾಟಿತ್ತು. ಇವಳು ಮಾಡಿದರೆ ಸ್ವಿಚ್ ಆಫ್ ಎಂದು ಹಿಂದಿಯಲ್ಲಿ ಯಾರೋ ಹೇಳುತ್ತಿದ್ದರು. ಹಿಂದೆಯೂ ಎರಡು ಮೂರು ದಿನ ಹೀಗಾದದ್ದುಂಟು, ಇಷ್ಟು ದಿನ ಆಗಿರಲಿಲ್ಲ. ಟೀವಿಯಲ್ಲಿ ಗಡಿಯ ಸುದ್ದಿ ಬಂದರೆ ನಿಂಗಮ್ಮನೇ ಎದ್ದು ಬಂದ್ ಮಾಡುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ದೇವರ ಮುಂದೆ ಕೂತರೂ ಮಮತಾಳಿಗೆ ಬೇಡಿಕೊಳ್ಳಲು ಮಾತು ಸಿಗುತ್ತಿರಲಿಲ್ಲ. ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದರೆ ಅದಕ್ಕೊಂದು ಜಾಗ ಕೊಟ್ಟಂತಾಗುತ್ತದೆ ಎಂದು ಸುಮ್ಮನೆ ಕೈ ಮುಗಿದು ಏಳುತ್ತಿದ್ದಳು.

ಹದಿನಾರರ ನಸುಕಿನಲ್ಲಿ ಕಾಡಿನ ಬಾಯಲ್ಲಿ ಎಲ್ಲರೂ ಸೇರಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಂದವರ ಟಾರ್ಚು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಮೇಷ್ಟ್ರು ಬೈಕಿನಲ್ಲಿ ಬಂದು ಅವಳನ್ನು ಪಕ್ಕಕ್ಕೆ ಕರೆದರು.

“ಮಮತಕ್ಕ, ನಿಮ್ಮ ಹತ್ರ ಒಂದು ವಿಷಯ ಹೇಳೋದಿತ್ತು. ಈಗ ಬೇಡ. ಅಲ್ಲಿ ಮುಟ್ಟಿದ ಮೇಲೆ ಹೇಳ್ತೀನಿ.”

“ಏನ್ರೀ ಸರ?”

“ಗಾಬ್ರಿ ಎಂತ ಇಲ್ಲ. ನಿಮ್ಮತ್ತೇನೂ ಜೀಪಲ್ಲಿ ಕರ್ಕೊಂಡು ಬರ್ತಿದೀವಿ. ನೀವು ಇವ್ರನ್ನ ಜೋಪಾನವಾಗಿ ಕರ್ಕೊಂಡು ಬನ್ನಿ, ಅಷ್ಟೇ.”

ಬೈಕು ತಿರುಗಿಸಿಕೊಂಡು ಹೋಗಿಯೇ ಬಿಟ್ಟರು.

ಮಂಡಿನೋವಿನ ನಿಂಗಮ್ಮ ಒಂದು ವರ್ಷವೂ ಈ ಕಾರ್ಯಕ್ರಮಕ್ಕೆ ಬಂದವಳಲ್ಲ. ಅವಳನ್ನು ಯಾಕೆ ಕರೆತರುತ್ತಿದ್ದಾರೆ? ಗಾಬರಿ ಇಲ್ಲ ಎಂದು ಯಾರಾದರೂ ಸುಮ್ಮಸುಮ್ಮನೆ ಹೇಳುತ್ತಾರೆಯೇ? ಸೈನ್ಯದಿಂದ ಸುದ್ದಿ ಬಂದರೆ ಮೊದಲು ಊರಿನ ದೊಡ್ಡವರಿಗೆ ತಿಳಿಸುತ್ತಾರಂತೆ, ಅವರು ಬಂದು ಮನೆಯವರನ್ನು ಒಂದು ಕಡೆ ಕೂರಿಸಿ ಹೇಳುತ್ತಾರಂತೆ ಎಂದು ಅವಳು ಎಲ್ಲೋ ಕೇಳಿದ್ದಳು. ಮನೆಗೆ ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ನಾಗೇಶ ಮುಂದಿನಿಂದ ಸಿಳ್ಳೆ ಹಾಕಿದ. ಸಾಲು ಹೊರಟಿತು. ಇಷ್ಟು ಜನರನ್ನು ಮಂಜಿನಲ್ಲಿ ಬಿಟ್ಟು ಹೋಗುವುದು ಹೇಗೆ? ಅವಳೂ ಹೆಜ್ಜೆ ಹಾಕಿದಳು.

ಅವಳ ಮುಂದೆಯೇ ನಡೆಯುತ್ತಿದ್ದವರು ನಿವೃತ್ತ ಕರ್ನಲ್ ಸೋಮಯ್ಯ. ಕೊಡಗಿನವರು, ಶಿವಮೊಗ್ಗದಲ್ಲಿ ನೆಲೆಸಿದವರು, ಅಂದಿನ ಮುಖ್ಯ ಅತಿಥಿ. ಜೀಪು ಬೇಡ ಎಂದು ಕೋಲೂರಿ ನಡೆದು ಬಂದಿದ್ದರು.

“ನಿಮ್ಮ ಯಜಮಾನರು ಸರ್ವಿಸಿನಲ್ಲಿದ್ದಾರಂತೆ. ಯಾವ ಯೂನಿಟ್ಟಮ್ಮ?”

ಅವಳು ಹೇಳಿದಳು.

“ಓ, ಮೇಲೆ ಹಿಮದ ಗಡಿಯಲ್ಲಿದ್ದಾರೆ ಹಾಗಾದರೆ. ಫೋನು ಬರುತ್ತದೆಯೋ?”

“ಬರ್ತೈತ್ರಿ,” ಎಂದಳು. ಸುಳ್ಳು ಯಾಕೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ಹಳ್ಳ ದಾಟುವ ಕಡೆ ಸಾಲು ತಟ್ಟನೆ ನಿಂತಿತು. ನಾಗೇಶ ಕೈ ಎತ್ತಿದ್ದ. ಅವಳು ಮುಂದೆ ಹೋಗಿ ನೋಡಿದರೆ ದಾರಿಯ ನಡುವೆ ಆನೆಯ ಲದ್ದಿ. ಆ ವರ್ಷ ಎರಡು ಆನೆಗಳು ಎಲ್ಲಿಂದಲೋ ಬಂದು ಈ ಕಾಡಿನಲ್ಲಿ ತಿರುಗುತ್ತಿದ್ದವು.

“ಹೊಗೆ ಆಡ್ತಿದೆ ನೋಡಕ್ಕ. ಇನ್ನೂ ದೂರ ಹೋಗಿಲ್ಲ ಮಾರಾಯ್ರು,” ಎಂದು ನಾಗೇಶ ಪಿಸುಗುಟ್ಟಿದ.

“ಎಡಕ್ಕೆ ಹೋಗ್ಯಾವೋ ಬಲಕ್ಕೋ?”

“ಕೇಳಿ ಬರ್ಲಾ? ಆಧಾರ್ ಕಾರ್ಡೂ ಇಸ್ಕೊಂಡು ಬರ್ತೀನಿ.”

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಎಲ್ಲರನ್ನೂ ಒಂದೆಡೆ ಕೂರಿಸಿ ಸದ್ದು ಮಾಡಬೇಡಿ ಎಂದಳು. ಮಂಜಿನಾಚೆ ಬಿದಿರು ಮುರಿಯುವ ಸದ್ದು ಕೇಳಿತು, ನಿಂತಿತು, ಮತ್ತೆ ಕೇಳಿತು. ದಾವಣಗೆರೆಯಿಂದ ಬಂದ ಹೆಂಗಸೊಬ್ಬಳು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮಮತಾಳಿಗೆ ಆನೆಯ ಹೆದರಿಕೆ ಆಗಲೇ ಇಲ್ಲ. ಇಲ್ಲಿ ಕೂತಷ್ಟು ಹೊತ್ತು ಆ ಮಾತು ಕೇಳುವುದು ತಡವಾಗುತ್ತದೆ, ತಡವಾದಷ್ಟು ಹೊತ್ತು ಅವನು ಇದ್ದಾನೆ ಎಂದೇ ಅಂದುಕೊಳ್ಳಬಹುದು ಎಂಬ ಯೋಚನೆ ಬಂತು. ಮರುಕ್ಷಣವೇ ಅಲ್ಲಿ ಅತ್ತೆ ಒಬ್ಬಳೇ ಕೂತು ಎಲ್ಲ ಕೇಳಿರುತ್ತಾಳೆ ಎನ್ನಿಸಿ ಕಾಲು ನಿಲ್ಲದಾಯಿತು. ಸದ್ದು ದೂರ ಸರಿದ ಮೇಲೆ ಎಲ್ಲರನ್ನೂ ಎಬ್ಬಿಸಿದಳು. ದಿಣ್ಣೆ ಹತ್ತಿದಾಗ ಸ್ವಲ್ಪ ನೆಟ್‌ವರ್ಕ್ ಸಿಗುತ್ತದೆ. ಫೋನು ತೆಗೆದು ನೋಡಿದಳು. ರೀಚಾರ್ಜ್ ಮುಗಿಯುತ್ತಿದೆ ಎಂಬ ಮೆಸೇಜು ಬಿಟ್ಟರೆ ಏನೂ ಇರಲಿಲ್ಲ.

ಕಲ್ಲಿನ ಬಯಲು ತಲುಪುವ ಹೊತ್ತಿಗೆ ಮಂಜು ಮೇಲೇರುತ್ತಿತ್ತು. ಎರಡು ಮರಗಳ ನಡುವೆ ಕಟ್ಟಿದ ದೊಡ್ಡ ಫ್ಲೆಕ್ಸು ಮೊದಲು ಕಂಡಿತು. ಒಂದು ತುದಿಯಲ್ಲಿ ಚೌಡಪ್ಪನ ಹಳೆಯ ಕಪ್ಪುಬಿಳುಪು ಚಿತ್ರ. ಇನ್ನೊಂದು ತುದಿಯಲ್ಲಿ ಸಮವಸ್ತ್ರ ತೊಟ್ಟ ಮಾಳೇಶ. ಇಬ್ಬರ ಮೇಲೂ ಇಳಿಬಿದ್ದ ಒಂದೇ ಉದ್ದನೆಯ ಚೆಂಡುಹೂವಿನ ಹಾರ.

ಅವಳು ನಿಂತಲ್ಲೇ ನಿಂತಳು. ಫ್ಲೆಕ್ಸಿನ ಕೆಳಗೆ ಕುರ್ಚಿಯಲ್ಲಿ ನಿಂಗಮ್ಮ ಕೂತಿದ್ದಳು, ಪೆಟ್ಟಿಗೆಯಲ್ಲಿಡುವ ಸೀರೆ ಉಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಪಕ್ಕದಲ್ಲಿ ಚೌಡಪ್ಪನ ಹೆಂಡತಿ, ಈಗ ಹಣ್ಣು ಮುದುಕಿಯಾದ ಉಚ್ಚಂಗಮ್ಮ, ಅವಳ ಕೈ ಹಿಡಿದುಕೊಂಡಿದ್ದಳು. ಮೇಷ್ಟ್ರು ಇತ್ತ ಓಡಿ ಬರುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಮಮತಾ ಅವರನ್ನು ದಾಟಿ ಹೋಗಿ ಅತ್ತೆಯ ಮುಂದೆ ಕುಕ್ಕರಿಸಿದಳು.

“ಅತ್ತೆ, ಏನಾತು? ಹೇಳ್ರಿ. ಏನಾತು?”

“ಎಂತ ಆಗದು? ಈ ಅಜ್ಜಿ ಗಂಡನ ಪೆಟ್ಟಿಗೆ ಮಾತ್ರ ವಾಪಸ್ ಬಂದ ಕತೆ ಹೇಳ್ತಿತ್ತು, ಅಳು ಬಂತು.” ನಿಂಗಮ್ಮ ಸೊಸೆಯ ಮುಖ ನೋಡಿದಳು. “ನಿಂದೆಂತೇ ಮುಖ, ಬೂದಿ ಬಳ್ದಂಗೆ? ಸೆರಗು ಸರಿ ಮಾಡ್ಕ. ನಿಂಗೆ ಶಾಲು ಹೊದಿಸ್ತಾರಂತೆ. ಮೇಷ್ಟ್ರು ಯಾರಿಗೂ ಹೇಳ್ಬೇಡಿ ಅಂದಿದ್ರು.”

ಮಮತಾ ಫ್ಲೆಕ್ಸಿನ ಕಡೆ ಕೈ ತೋರಿಸಿದಳು. ಉಚ್ಚಂಗಮ್ಮನ ಕಣ್ಣಿಗೆ ದೂರದ್ದು ಅಷ್ಟಾಗಿ ಕಾಣುವುದಿಲ್ಲ. ಎದ್ದು ಹತ್ತಿರ ಹೋಗಿ, ಕತ್ತೆತ್ತಿ ನೋಡಿದಳು.

“ಇದು ಮಾಳೇಶ ಅಲ್ಲನ? ಯಾವನೋ ಇಲ್ಲಿ ಹಾರ ಹಾಕಿದೋನು? ಬದುಕಿರೋ ಮಗೂಗೆ ಹಾರ ಹಾಕ್ತೀರೇನ್ರೋ! ಕೈ ಸೇದ್ಹೋಗ!”

“ಅಜ್ಜಿ, ಗಾಳಿಗೆ ಫ್ಲೆಕ್ಸ್ ಹಾರ್ತಿತ್ತು... ಚೆಂದನೂ ಕಾಣುತ್ತೆ ಅಂತ ಉದ್ದಕ್ಕೆ ಬಿಟ್ವಿ...” ಮೇಷ್ಟ್ರ ದನಿ ಇಳಿದಿತ್ತು.

“ಚೆಂದಾನಾ? ನಿನ್ನ ಫೋಟೋಕ್ಕೆ ಹಾಕ್ಕ, ಚೆಂದ ಕಾಣ್ತೀಯ!”

ಮುದುಕಿ ಹಾರವನ್ನು ನಡುವೆ ಹಿಡಿದೆಳೆದಳು. ದಾರ ಹರಿದು ಹೂವೆಲ್ಲ ನೆಲಕ್ಕೆ ಬಿತ್ತು. ಚೌಡಪ್ಪನ ಮೇಲೆ ಉಳಿದ ತುಂಡನ್ನು ಮಾತ್ರ ಅವಳೇ ನೇರ ಮಾಡಿದಳು. ಮೇಷ್ಟ್ರು ಮಮತಾಳಿಗೆ ಕೈ ಮುಗಿದರು. ಬೆಳಗಿನ ಮಾತೂ ಈ ಸನ್ಮಾನದ್ದೇ ಅಂತೆ.

ಒಂದು ಹೆದರಿಕೆ ಇಳಿಯಿತು. ಆದರೆ ಮಾಳೇಶ ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದು ಇನ್ನೂ ತಿಳಿದಿರಲಿಲ್ಲ. ತಪ್ಪಿಯೇ ಆಗಲಿ, ಅವನ ಚಿತ್ರದ ಮೇಲೆ ಹಾರ ಬಿದ್ದದ್ದಂತೂ ಬಿದ್ದಿತ್ತು. ಧ್ವಜ ಏರಿತು. ಎಲ್ಲರೂ ತಲೆ ಬಗ್ಗಿಸಿ ಮೌನವಾಗಿ ನಿಂತರು. ಚೌಡಪ್ಪನನ್ನು ನೆನೆಯಬೇಕೆಂದು ಮಮತಾ ಕಣ್ಣು ಮುಚ್ಚಿದಳು, ಆಗಲಿಲ್ಲ. ಆಮೇಲೆ ಶಾಲು ಹೊದಿಸಿದರು, ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಕರ್ನಲ್ ಮೆಲ್ಲಗೆ ಕೇಳಿದರು.

“ಫೋನು ಬರುತ್ತಿಲ್ಲ, ಅಲ್ಲವೇನಮ್ಮ?”

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವರು ಜೀಪು ಹತ್ತಿ ಮಣ್ಣುದಾರಿಯಲ್ಲಿ ನೆಟ್‌ವರ್ಕ್ ಸಿಗುವ ಕಡೆಗೆ ಹೋದರು.

ಜನರಿಗೆ ಉಪ್ಪಿಟ್ಟು ಕೊಟ್ಟರು. ಯಾರೋ ಅವಳ ಕೈಗೂ ತಟ್ಟೆ ಇಟ್ಟರು. ಅದು ಆರಿ ತಣ್ಣಗಾಗುವ ಹೊತ್ತಿಗೆ ಜೀಪಿನ ಸದ್ದು ಕೇಳಿತು. ಕರ್ನಲ್ ಇಳಿದು ನೇರ ಅವಳ ಬಳಿಗೇ ಬಂದರು. ಅವರ ಮುಖ ನೋಡುವ ಧೈರ್ಯವಾಗದೆ ಅವಳು ಬೂಟು ನೋಡುತ್ತ ನಿಂತಳು.

“ಚೆನ್ನಾಗಿದ್ದಾರೆ,” ಎಂದರು. “ಇಡೀ ತುಕಡಿ ಮುಂದಿನ ಠಾಣೆಗೆ, ಗಡಿಗೆರೆಯ ಹತ್ತಿರಕ್ಕೇ ಹೋಗಿದೆ. ಫೋನೆಲ್ಲ ಜಮಾ ಮಾಡಿಕೊಂಡಿದ್ದಾರೆ. ಇವತ್ತು ಬೆಳಗ್ಗೆ ಹಾಜರಿಯಲ್ಲಿ ಎಲ್ಲರೂ ಇದ್ದಾರೆ. ಹೇಳಿದವನು ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗ. ಎಲ್ಲಿ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.”

ನಿಂಗಮ್ಮ ಮಾಲತೇಶನ ಹೆಸರು ಹೇಳಿ ನೆಲ ಮುಟ್ಟಿ ನಮಸ್ಕರಿಸಿದಳು. ಮಮತಾ ಅಲ್ಲೇ ಕೂತುಬಿಟ್ಟಳು. ನಾಗೇಶ ನೀರಿನ ಬಾಟಲಿ ತಂದುಕೊಟ್ಟ. ಹಾಜರಿಯಲ್ಲಿ ಇದ್ದಾನೆ. ಇವತ್ತಿಗೆ ಇದ್ದಾನೆ. ಮುಂದಿನ ಠಾಣೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಕರ್ನಲ್ ಕುರ್ಚಿ ಎಳೆದುಕೊಂಡು ಕೂತರು.

“ಇನ್ನೆಷ್ಟು ಕಾಲ ಅಲ್ಲಿ?”

“ಇನ್ನೊಂದು ವರ್ಷದ ಮ್ಯಾಲೆ ಐತ್ರಿ.”

“ನೋಡಮ್ಮ, ಈಗ ಮಾತಾಡಿದೆನಲ್ಲ, ಆ ಹುಡುಗ ಇಂಥದ್ದನ್ನೆಲ್ಲ ನೋಡಿಕೊಳ್ಳುವ ಜಾಗದಲ್ಲೇ ಇದ್ದಾನೆ. ನಾನೊಂದು ಮಾತು ಹೇಳಿದರೆ ನಿಮ್ಮ ಯಜಮಾನರನ್ನು ಕೆಳಗೆ ಯಾವುದಾದರೂ ತರಬೇತಿ ಕೇಂದ್ರಕ್ಕೆ ಹಾಕಿಸಬಹುದು. ತಿಂಗಳಿಗೊಮ್ಮೆ ಮನೆಗೂ ಬರಬಹುದು. ಹೇಳಲೇ?”

“ಹೂಂ ಅನ್ನೇ,” ಎಂದಳು ನಿಂಗಮ್ಮ. “ಬಾಯಲ್ಲಿ ಎಂತ ಇಟ್ಕಂಡಿದೀಯ? ಹೂಂ ಅನ್ನು.”

ಮಮತಾ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು.

“ಅವರ ಜಾಗಕ್ಕೆ ಯಾರು ಹೋಗ್ತಾರ್ರೀ ಸರ?”

“ಯಾರಾದರೂ ಹೋಗುತ್ತಾರೆ. ಜಾಗ ಖಾಲಿ ಬಿಡುವುದಿಲ್ಲ.”

“ಅವ್ರಿಗೂ ಮನೇಲಿ ಒಬ್ಬಾಕಿ ಇರ್ತಾಳಲ್ರೀ.”

ಕರ್ನಲ್ ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟರು.

“ಬೆಳಗ್ಗಿಂದ ನಂಗೆ ಹೆಂಗಾಗಿತ್ತು ಅಂತ ನನಗೊಬ್ಬಳಿಗೇ ಗೊತ್ತು. ಅದನ್ನ ತಗಂಡೋಗಿ ಇನ್ನೊಬ್ಬಾಕಿ ತಲೆ ಮ್ಯಾಲೆ ಇಟ್ಟು, ನಾ ಮಲಗಾಕೆ ಆಗಲ್ರಿ.”

“ನಿಂಗೆ ಗಂಡ. ನಂಗೆ ಮಗ ಕಣೇ,” ನಿಂಗಮ್ಮನ ದನಿ ಏರಿತು. “ನನ್ನನ್ನ ಕೇಳ್ದ್ಯಾ ನೀನು?”

“ಕೇಳಿಲ್ಲ ಅತ್ತೆ. ತಪ್ಪಾತು.” ಮಮತಾ ಅವಳ ಮಂಡಿಯ ಮೇಲೆ ಕೈಯಿಟ್ಟಳು. “ನೀವೇ ಹೇಳ್ರಿ ಹಂಗಾರೆ. ನೀವು ಏನಂದ್ರೂ ನಾ ಇಲ್ಲ ಅನ್ನಲ್ಲ.”

ನಿಂಗಮ್ಮ ಕರ್ನಲ್ಲರ ಕಡೆ ತಿರುಗಿದಳು. ಬಾಯಿ ತೆರೆದಳು. ಪಕ್ಕದಲ್ಲಿ ಉಚ್ಚಂಗಮ್ಮ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಇವರ ಮಾತು ಕೇಳದವಳಂತೆ ಒಂದೊಂದೇ ತುತ್ತು ತಿನ್ನುತ್ತಿದ್ದಳು. ನಿಂಗಮ್ಮ ಅವಳನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, “ನೀನೇ ಹೇಳು, ನಂಗೆ ಬಾಯಿ ಬರಲ್ಲ,” ಎಂದಳು.

ಮಮತಾ ಎದ್ದು ನಿಂತು ಕೈ ಮುಗಿದಳು.

“ಬ್ಯಾಡ್ರಿ ಸರ. ನೀವು ಕೇಳಿದ್ದೇ ದೊಡ್ಡದು. ಅವ್ರ ಸರದಿ ಮುಗುದ ಮ್ಯಾಲೆ ಅವ್ರು ಬರ್ಲಿ.”