ಕಿತ್ತಳೆ ಬಣ್ಣದ ಕೂದಲು ಕೇಳಿ ಬಂದ ಅಪ್ಪ

ಆ ಬೀದಿಯಲ್ಲಿ ಹೆಂಗಸರು, ಮಕ್ಕಳ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದವಳಿಗೆ ಗಿರಾಕಿಗಳು ಕೊಟ್ಟ ಹೆಸರು ಪೊಲೀಸಕ್ಕ. ಎಲ್ಲಿಂದ ಬಂದಿರಿ, ಜೊತೆಗಿರೋದು ಯಾರು ಅಂತ ಕೆದಕದೆ ಅವಳು ಕತ್ತರಿ ಎತ್ತುತ್ತಿರಲಿಲ್ಲ. ಹಿಂದೆ ಅವಳ ಗಂಡ ಅಕ್ಕನ ಮನೆಗೆ ಹೋಗಿಬರ್ತೀನಿ ಅಂತ ಹೋಗಿ ಹೋಗಿ, ಬೇರೆ ಸಂಸಾರವನ್ನೇ ಹೂಡಿದ್ದ. ಊರಿಗೆಲ್ಲ ಗೊತ್ತಾದ ಮೇಲೆ ಅವಳಿಗೆ ಗೊತ್ತಾಯಿತು. ಅಂದಿನಿಂದ ಯಾರು ನಕ್ಕರೂ ಇವರೇನು ಮುಚ್ಚಿಡುತ್ತಿದ್ದಾರೆ ಎಂದೇ ಅವಳ ಯೋಚನೆ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಒಬ್ಬ ಗಂಡಸು ಆರೇಳು ವರ್ಷದ ಹುಡುಗಿಯ ಕೈ ಹಿಡಿದು ಬಂದ. ಬರುವಾಗಲೇ ಹೊಸ್ತಿಲು ಎಡವಿದ.

“ಮಗಳ ಕೂದಲಿಗೆ ಬಣ್ಣ ಹಾಕ್ಬೇಕಿತ್ತು. ಕಿತ್ತಳೆ ಬಣ್ಣ. ದೂರದಿಂದಲೂ ಕಣ್ಣಿಗೆ ಹೊಡೀಬೇಕು.”

“ಇಷ್ಟು ಚಿಕ್ಕ ಮಗೂಗಾ? ಇವಳಮ್ಮ ಎಲ್ಲಿ?”

“ಕೆಲಸಕ್ಕೆ ಹೋಗಿದಾಳೆ.”

“ಅವರಿಗೆ ಹೇಳಿದೀರಾ?”

“ಹಾಕಿಸಿದ ಮೇಲೆ ಹೇಳ್ತೀನಿ ಬಿಡಿ.”

ಪೊಲೀಸಕ್ಕನಿಗೆ ಅಷ್ಟೇ ಸಾಕಾಯಿತು. ಬಣ್ಣಗಳ ಚೀಟಿ ಕೊಟ್ಟರೆ ಅವನು ಅದನ್ನು ಮೂಗಿನ ಹತ್ತಿರ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಓರೆಗಣ್ಣಲ್ಲಿ ನೋಡಿದ. ಕುಡಿದಿದ್ದಾನಾ? ಹುಡುಗಿಗೆ ಬಟ್ಟೆ ಹೊದಿಸುವ ನೆಪದಲ್ಲಿ ಅವನ ಹತ್ತಿರ ಹೋದಳು. ವಾಸನೆ ಇರಲಿಲ್ಲ. ಹಾಗಾದರೆ ಹೆಂಡತಿ ಜೊತೆ ಜಗಳವಾಡಿ, ಮಗುವಿನ ಗುರುತು ಸಿಗದ ಹಾಗೆ ಮಾಡಿ ಎತ್ತಿಕೊಂಡು ಹೋಗುವವನೇ ಇರಬೇಕು.

“ಮೊದಲು ತಲೆ ತೊಳೀಬೇಕು,” ಎಂದು ಹುಡುಗಿಯನ್ನು ಪರದೆಯ ಹಿಂದೆ ಕರೆದೊಯ್ದಳು. ನಲ್ಲಿ ಜೋರಾಗಿ ಬಿಟ್ಟು, “ಅವರು ನಿಮ್ಮಪ್ಪಾನೇನಾ ಪುಟ್ಟಿ?” ಎಂದು ಕೇಳಿದಳು.

“ಹೂಂ. ಅಮ್ಮಂಗೆ ಹೇಳ್ಬಾರ್ದು ಅಂದಿದಾರೆ.”

ಪೊಲೀಸಕ್ಕ ಫೋನ್ ಕೈಗೆತ್ತಿಕೊಂಡಳು. “ಅಮ್ಮನ ಫೋನ್ ನಂಬರ್ ಗೊತ್ತಾ?”

ಹುಡುಗಿ ಮಗ್ಗಿ ಹೇಳಿದಂತೆ ಒಂದೇ ಉಸಿರಿಗೆ ಒಪ್ಪಿಸಿತು.

ತಾಯಿ ಪಕ್ಕದ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪೊಲೀಸಕ್ಕನ ಫೋನ್ ಬಂದದ್ದೇ, ಹಾಕಿದ್ದ ಬಿಳಿ ಕೋಟಿನಲ್ಲೇ ಓಡಿಬಂದಳು.

“ಏನ್ರೀ ಇದು? ಮಗೂನ ಎಲ್ಲಿಗೆ ಕರ್ಕೊಂಡು ಹೊರಟಿದ್ರಿ?”

ಗಂಡ ಗಾಬರಿಯಿಂದ ಎದ್ದ. “ಎಲ್ಲಿಗೂ ಇಲ್ಲ ಕಣೆ,” ಎಂದ. ಆದರೆ ಹೇಳಿದ್ದು ಕನ್ನಡಿಯೊಳಗಿನ ಹೆಂಡತಿಗೆ. ನಿಜವಾದ ಹೆಂಡತಿ ಅವನ ಬೆನ್ನ ಹಿಂದೆ ನಿಂತಿದ್ದಳು.

ಹುಡುಗಿ ನೀರಿಳಿಯುತ್ತಿದ್ದ ತಲೆಯಲ್ಲೇ ಬಂದು ಅಪ್ಪನ ಕೈ ಹಿಡಿದು ತಿರುಗಿಸಿತು. “ಅಪ್ಪ, ಅಮ್ಮ ಈ ಕಡೆ.”

ಅವನು ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದ. ಕೆಲವು ತಿಂಗಳಿಂದ ಕಣ್ಣು ಮಂಜಾಗುತ್ತಾ ಬಂದಿತ್ತು. ಮೊನ್ನೆ ಪಾರ್ಕಿನಲ್ಲಿ ತನ್ನ ಮಗಳೆಂದು ಬೇರೆ ಯಾರದೋ ಮಗುವಿನ ಕೈ ಹಿಡಿದು ನಡೆದಿದ್ದ. ಆ ಮಗುವಿನ ಅಜ್ಜಿ ಕೂಗಾಡಿ ಜನ ಸೇರಿಸಿದ್ದಳು. “ಎಲ್ಲ ಕಪ್ಪು ತಲೆಗಳೇ ಕಣೆ. ಕಿತ್ತಳೆ ಆದ್ರೆ ಸಿಗ್ತಾಳೆ ಅನ್ಕೊಂಡೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇವಳನ್ನ ನನ್ನ ಜೊತೆ ಕಳಿಸ್ತಿದ್ಯಾ?”

ಹೆಂಡತಿ ಕೋಟಿನ ತುದಿಯಿಂದ ಮಗಳ ತಲೆ ಒರೆಸತೊಡಗಿದಳು. ಪೊಲೀಸಕ್ಕ ನಲ್ಲಿ ನಿಲ್ಲಿಸುವ ನೆಪದಲ್ಲಿ ಒಳಗೆ ಹೋದಳು.

ಹುಡುಗಿ ಮಾತ್ರ, “ಹಾಗಾದ್ರೆ ಬಣ್ಣ ಇಲ್ವಾ?” ಎಂದು ಅಳುಮೋರೆ ಮಾಡಿತು. ಪೊಲೀಸಕ್ಕ ಹೊರಗೆ ಬಂದು ತಾಯಿಯ ಮುಖ ನೋಡಿ, “ಕಪ್ಪು ಕೂದಲಿಗೆ ಆ ಬಣ್ಣ ಹಿಡೀಬೇಕಾದ್ರೆ ಮೊದಲು ಬ್ಲೀಚ್ ಮಾಡ್ಬೇಕು, ತಲೆ ಉರಿಯುತ್ತೆ. ಅದನ್ನ ನಾನು ಮಕ್ಕಳಿಗೆ ಮಾಡಲ್ಲ. ಮೇಲೆ ಸವರೋದು ಒಂದಿದೆ, ತೊಳೆದ್ರೆ ಹೋಗುತ್ತೆ,” ಎಂದಳು.

ತಾಯಿ ಮೂಗು ಒರೆಸಿಕೊಂಡು, “ಹಾಕಿ. ಢಾಳಾಗೇ ಹಾಕಿ,” ಎಂದಳು.

ಕಣ್ಣಾಸ್ಪತ್ರೆಗೆ ತೋರಿಸಿದರು. ಹೋದ ದೃಷ್ಟಿ ಮರಳಲಿಲ್ಲ, ಉಳಿದದ್ದು ಸದ್ಯಕ್ಕೆ ಉಳಿಯಿತು. ಆದರೆ ಮನೆಯಲ್ಲಿ ಈಗ ಸಂಶಯದ ಸರದಿ ಹೆಂಡತಿಯದಾಗಿತ್ತು. ಮಗಳಿಗೆ ಬಣ್ಣ ಸವರಿಸಲು ಅಂಗಡಿಗೆ ಬಂದಾಗಲೆಲ್ಲ ಬೆರಳು ತೋರಿಸಿ, “ಇದು ಕಾಣುತ್ತಾ? ನಿಜ ಹೇಳಿ,” ಎಂದು ಅವನನ್ನು ಕಾಡುತ್ತಿದ್ದಳು.

ಒಮ್ಮೆ ಅವನೊಬ್ಬನೇ ಮಗಳ ಜೊತೆ ಬಂದಿದ್ದ. “ಅವತ್ತು ನೀವು ಫೋನ್ ಮಾಡಿದ್ದಕ್ಕೆ ತುಂಬಾ ಸಿಟ್ಟು ಬಂದಿತ್ತು,” ಎಂದ.

“ಈಗ?”

“ಈಗಲೂ ಸ್ವಲ್ಪ ಇದೆ.”

ಪೊಲೀಸಕ್ಕ ಜೋರಾಗಿ ನಕ್ಕುಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಒಬ್ಬ ಗಂಡಸಿನ ಮಾತನ್ನು ಅವಳು ಮರುಪ್ರಶ್ನೆ ಇಲ್ಲದೆ ನಂಬಿದ್ದಳು.