ಬಾಗಿಲಿಗೆ ಅಡ್ಡ ಕೂರುವ ಸ್ಟೂಲಕ್ಕ

ನಮ್ಮ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಕೆಯ ಹುದ್ದೆ ಆಪ್ತಸಲಹೆಗಾರ್ತಿ. ಹಾಗೆಂದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಸ್ಟೂಲಕ್ಕ. ಹರೆಯದ ರೋಗಿ ಡಾಕ್ಟರ ಕೋಣೆಗೆ ಹೋದರೆ ಸಾಕು, ಹಿಂದೆಯೇ ಪ್ಲಾಸ್ಟಿಕ್ ಸ್ಟೂಲು ಹಿಡಿದು ಹೋಗಿ ಬಾಗಿಲಿಗೆ ಅಡ್ಡವಾಗಿ ಕೂರುತ್ತಾಳೆ. ಮಾತು ಮುಗಿಯುವ ಮೊದಲೇ ಡಾಕ್ಟರು ಪಕ್ಕದ ವಾರ್ಡಿಗೆ ಜಾರಿಕೊಳ್ಳಬೇಕೆಂದರೆ ಆಕೆಯನ್ನು ದಾಟಿಯೇ ಹೋಗಬೇಕು. ಆ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ. ಫೈಲು ಹಿಡಿದು ಡಾಕ್ಟರ ಪಕ್ಕ ನಿಲ್ಲುವ ಗುಮಾಸ್ತ ನಾನು, ಇದೆಲ್ಲ ಕಣ್ಣಾರೆ ಕಂಡದ್ದು. ನನ್ನನ್ನು ಕೇಳಿದರೆ ಆ ಸ್ಟೂಲು ನಮ್ಮ ದೊಡ್ಡ ಯಂತ್ರಗಳಷ್ಟೇ ಬೆಲೆ ಬಾಳುತ್ತದೆ.

ಆದರೆ ಒಳಗೆ ಆಕೆ ತುಟಿ ಬಿಚ್ಚುವುದಿಲ್ಲ. ಹಿಂದೊಮ್ಮೆ ಒಬ್ಬ ಹುಡುಗಿಯ ಪರವಾಗಿ ಎಲ್ಲವನ್ನೂ ತಾನೇ ಪಟಪಟನೆ ಕೇಳಿಬಿಟ್ಟಿದ್ದಳು. ಡಾಕ್ಟರು ಉತ್ತರವನ್ನೆಲ್ಲ ಆಕೆಗೇ ಹೇಳಿದರು, ಹುಡುಗಿಯ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ, ಡಾಕ್ಟರನ್ನು ಕಾಣುವ ಹಿಂದಿನ ದಿನವೇ ರೋಗಿಗೆ ರೆಕಾರ್ಡ್ ರೂಮಿನಲ್ಲಿ ಪ್ರಶ್ನೆ ಕೇಳುವ ತಾಲೀಮು. ಅಲ್ಲಿ ಆಕೆಯದೇ ಡಾಕ್ಟರ ಪಾತ್ರ, ಮುಖ ಗಂಟಿಕ್ಕಿಕೊಂಡು ಘಳಿಗೆಗೊಮ್ಮೆ ಗಡಿಯಾರ ನೋಡುತ್ತಾಳೆ. ಕೇಳಲು ನಾಚಿಕೆಯಾಗುವ ಪ್ರಶ್ನೆಯನ್ನೇ ಮೊದಲು ಕೇಳಬೇಕು ಎಂಬುದು ಆಕೆಯ ಕಟ್ಟಳೆ.

ಕಳೆದ ತಿಂಗಳು ಲಿಫ್ಟ್ ರಿಪೇರಿ ಮಾಡುವ ಇಪ್ಪತ್ತೆರಡರ ಹುಡುಗನೊಬ್ಬ ಬಂದ. ಡಾಕ್ಟರನ್ನು ಕಾಣುವ ದಿನದ ಮರುದಿನವೇ ಮೊದಲ ಕೀಮೋ ಎಂದು ನಿಗದಿಯಾಗಿತ್ತು. ಅವನ ತಾಯಿ ಗಟ್ಟಿಗಿತ್ತಿ. ಹಸಿವು, ನಿದ್ದೆ, ನೋವು, ಏನು ಕೇಳಿದರೂ ಅವಳದೇ ಉತ್ತರ. ತಾಲೀಮಿನಲ್ಲಿ ಹುಡುಗ ಮೂರು ಸಲ ಬಾಯಿ ತೆರೆದು ಮೂರು ಸಲವೂ ಮಾತು ನುಂಗಿದನಂತೆ. ಕೇಳುವುದಿದ್ದರೆ ಔಷಧಿ ಮೈಗೆ ಸೇರುವ ಮೊದಲೇ ಕೇಳಬೇಕು, ಆಮೇಲೆ ಕೇಳಿ ಫಲವಿಲ್ಲ ಎಂದು ಸ್ಟೂಲಕ್ಕ ಗದರಿ ಕಳಿಸಿದ್ದಳು.

ತಾಲೀಮಿನ ಮರುದಿನ ಡಾಕ್ಟರು ತಮ್ಮದನ್ನೆಲ್ಲ ಹೇಳಿ, ಪೆನ್ನು ಜೇಬಿಗೆ ಸಿಕ್ಕಿಸಿ ಎದ್ದರು. ಬಾಗಿಲಲ್ಲಿ ಸ್ಟೂಲಕ್ಕ ಅಲ್ಲಾಡಲಿಲ್ಲ. ವಿಧಿಯಿಲ್ಲದೆ ಮತ್ತೆ ಕೂತು, ಇನ್ನೇನಾದರೂ ಇದೆಯೇ ಎಂದು ಕೇಳಿದರು. ತಾಯಿ ಏನೂ ಇಲ್ಲ ಎನ್ನುವಷ್ಟರಲ್ಲಿ ಹುಡುಗ ಅವಳ ಕೈ ಹಿಡಿದು ಸುಮ್ಮನಾಗಿಸಿದ.

"ಡಾಕ್ಟ್ರೇ, ಈ ಔಷಧಿ ತಗೊಂಡ್ಮೇಲೆ ಮುಂದೆ ನಂಗೆ ಮಕ್ಕಳಾಗುತ್ತಾ?"

ನನ್ನ ಕಿವಿಯೇ ಬಿಸಿಯಾಯಿತು. ಭಲೇ ಹುಡುಗ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗದೆಯೂ ಇರಬಹುದು, ಇದನ್ನು ನಾನೇ ಮೊದಲು ಹೇಳಬೇಕಿತ್ತು, ತಪ್ಪಾಯಿತು ಎಂದರು. ವೀರ್ಯವನ್ನು ಮುಂಚೆಯೇ ತೆಗೆದು ಶೀತಲಘಟಕದಲ್ಲಿ ಕಾಪಾಡಿಡಬಹುದು, ಅದಕ್ಕೆ ಎರಡು ದಿನ ಬೇಕು, ಇವನ ಕಾಯಿಲೆಯಲ್ಲಿ ಅಷ್ಟು ತಡವಾದರೂ ಅಪಾಯವಿಲ್ಲ ಎಂದು ಬಿಡಿಸಿ ಹೇಳಿದರು. ಹೇಳಿ ಮುಗಿಸಿ, ಅಭ್ಯಾಸಬಲದಿಂದ ತಾಯಿಯ ಕಡೆ ತಿರುಗಿದರು.

"ಏನಮ್ಮ, ಕೀಮೋನ ಎರಡು ದಿನ ಮುಂದಕ್ಕೆ ಹಾಕೋಣ್ವಾ?"

ಅವಳ ಕಣ್ಣು ತುಂಬಿತ್ತು. ಉತ್ತರ ನಾಲಿಗೆಯ ತುದಿಗೆ ಬಂದದ್ದೂ ನನಗೆ ಕಂಡಿತು. ತಡೆದುಕೊಂಡಳು.

"ಅವನನ್ನೇ ಕೇಳಿ ಸಾರ್," ಎಂದಳು.